ಹೊಗಳಿದ ರಾಗಿ

ಹೊಸ ಮಾಪಕ ಗಣಿಗೆ ಬಂದ ದಿನವೇ ಹೆಂಗಸರು ಅದಕ್ಕೆ ಹೆಸರಿಟ್ಟುಬಿಟ್ಟರು: ಹಲ್ಲಿ. ಹೆಸರೇನೂ ತಪ್ಪಿರಲಿಲ್ಲ. ಸುರಂಗದ ಸೂರಿಗೆ ಬಿಗಿದ ಕಂಬಿಯ ಮೇಲೆ ಅದು ತಲೆಕೆಳಗಾಗಿ ಓಡಾಡುತ್ತಿತ್ತು. ಒಂದೊಂದು ಪೈರಿನ ಮೇಲೂ ನಿಂತು ಲೊಚಗುಟ್ಟಿ ಮುಂದಕ್ಕೆ ಸರಿಯುತ್ತಿತ್ತು. ತಯಾರಿಸಿದವರು ಇಟ್ಟ ಹೆಸರು ಅರ್ಧ ಸಾಲು ಉದ್ದವಿತ್ತು. ಅದನ್ನು ಪೂರ್ತಿಯಾಗಿ ಹೇಳಿದವರನ್ನು ಆ ಗಣಿಯಲ್ಲಿ ಯಾರೂ ಕಂಡಿಲ್ಲ.

ಕೆಲಸ ಮಾತ್ರ ಹಲ್ಲಿಯ ಕೈಲಾಗುವಂಥದ್ದಲ್ಲ. ಎಲೆಯ ಮೇಲೆ ಎರಡು ಸಣ್ಣ ಬೆಳಕಿನ ಗೆರೆ ಬಿಟ್ಟು, ಅವು ಮರಳುವಾಗ ಒಂದಕ್ಕೊಂದು ಬೆರೆತು ಮೂಡಿಸುವ ಚುಕ್ಕೆಗಳನ್ನು ಓದಿ, ಈ ಎಲೆ ಈಗಷ್ಟೇ ಎಷ್ಟು ಉದ್ದವಾಯಿತು ಎಂದು ಅದು ಹೇಳುತ್ತಿತ್ತು. ಕೂದಲೆಳೆಯ ದಪ್ಪವನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟು ಬೆಳೆದರೂ ಅದರ ಕಣ್ಣಿಗೆ ಬೀಳುತ್ತಿತ್ತು. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂದು ಹಿರಿಯರು ಬಾಯಲ್ಲಿ ಹೇಳಿ ಹೋಗಿದ್ದರು. ಹಲ್ಲಿ ಅದನ್ನು ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತಿತ್ತು, ಅದೂ ಪೈರಿಗೆ ಒಂದು ಬೆರಳೂ ತಗುಲಿಸದೆ.

ಅಲ್ಲಿಯವರೆಗೆ ಅಳತೆ ಎಂದರೆ ಮುಟ್ಟುವುದೇ ಆಗಿತ್ತು. ಉಕ್ಕಿನ ಅಡಿಪಟ್ಟಿ ಹಿಡಿದು ಬುಡದಿಂದ ತುದಿಯವರೆಗೆ ಎತ್ತರ ನೋಡಬೇಕು, ಚಿಮಟದಂಥ ಮಾಪಕದಲ್ಲಿ ಕಾಂಡದ ದಪ್ಪ ಹಿಡಿಯಬೇಕು, ಆಗಾಗ ತಳ್ಳುಮಾಪಕವನ್ನು ಕಾಂಡಕ್ಕೆ ಒತ್ತಿ ಅದು ಎಷ್ಟು ಬಲಕ್ಕೆ ಬಾಗುತ್ತದೆ ಎಂದು ಬರೆದುಕೊಳ್ಳಬೇಕು. ಇದಕ್ಕೆಂದೇ ಹನ್ನೆರಡು ಹೆಂಗಸರಿದ್ದರು.

"ಇನ್ನು ನಮ್ಮನ್ನ ಮನೇಗ್ ಕಳಿಸ್ತೀರಾ ಮೇಡಂ?" ಎಂದು ಅವರಲ್ಲೊಬ್ಬಳು ಕೇಳಿದಳು.

"ಎರಡು ಅಳತೇನೂ ತಾಳೆ ಆಗೋವರೆಗೆ ನೀವೂ ಅಳೀರಿ. ಆಮೇಲೆ ತೆನೆ ಬಿಡಿಸೋ ಕಡೆಗೆ ಹಾಕ್ತಾರೆ," ಎಂದಳು ನಾಗವೇಣಿ.

ನಾಗವೇಣಿ ಆ ಗಣಿತೋಟದ ಅಳತೆ ವಿಭಾಗದ ಮುಖ್ಯಸ್ಥೆ. ಸಸ್ಯಶಾಸ್ತ್ರ ಓದಿದವಳು; ಮಾತು ಕಡಿಮೆ, ಹಟ ಜಾಸ್ತಿ. ಕೋಲಾರ ಸೀಮೆಯ ಆ ಗಣಿಯಲ್ಲಿ ಚಿನ್ನ ಯಾವತ್ತೋ ಮುಗಿದಿತ್ತು. ಹೊರಗಿನ ಬಿಸಿಲು ಪೈರನ್ನು ಬಾಳಗೊಡದ ಕಾಲ ಬಂದಾಗ ಸರ್ಕಾರ ಹಳೆಯ ಸುರಂಗಗಳನ್ನು ತೊಳೆಸಿ, ದೀಪ ಹಾಕಿಸಿ, ಶಾಲೆ ಮಕ್ಕಳ ಊಟಕ್ಕೆಂದು ಅಲ್ಲಿ ರಾಗಿ ಬೆಳೆಸತೊಡಗಿತು. ನೆಲದಡಿಯಲ್ಲಿ ಬಿಸಿಲಿನ ಬದಲಿಗೆ ದೀಪ ಇತ್ತು, ಮಳೆಯ ಬದಲಿಗೆ ಕೊಳವೆ ಇತ್ತು, ಗಾಳಿಯ ಬದಲಿಗೆ ಮಾತ್ರ ಏನೂ ಇರಲಿಲ್ಲ. ಫ್ಯಾನು ಹಾಕಿ ನೋಡಿದರು; ಕಲ್ಲಿನ ಹುಡಿ ಎದ್ದು ಎಲೆಯ ಮೇಲೆಲ್ಲ ಕೂತಿತು, ಕೆಲಸದವರಿಗೆ ಕೆಮ್ಮು ಹತ್ತಿತು, ಫ್ಯಾನು ಇಳಿಸಿದರು. ಗಾಳಿಯ ಹೊಡೆತವನ್ನೇ ಕಾಣದ ಪೈರು ಕಡ್ಡಿಯಂತೆ ಉದ್ದುದ್ದ ಬೆಳೆದು, ತೆನೆ ಕಟ್ಟುವ ಹೊತ್ತಿಗೆ ಸುಸ್ತಾಗಿ ನೆಲಕ್ಕೆ ಮಲಗಿಬಿಡುತ್ತಿತ್ತು. ಮಲಗಿದ ತೆನೆಗೆ ಬೂಷ್ಟು ಹಿಡಿಯುತ್ತಿತ್ತು. ಪ್ರತಿ ಬೆಳೆಯಲ್ಲೂ ಅರ್ಧಕ್ಕರ್ಧ ರಾಗಿ ಹಾಳಾಗಿ, ಶಾಲೆಗಳಿಗೆ ಹೋಗುವ ಮೂಟೆಗಳೂ ಅರ್ಧಕ್ಕೆ ಇಳಿಯುತ್ತಿದ್ದವು.

ಗಾಳಿ ಇಲ್ಲದೆಯೂ ನೆಟ್ಟಗೆ ನಿಲ್ಲುವ ರಾಗಿ ಬೇಕಿತ್ತು. ನಾಗವೇಣಿ ಹತ್ತು ವರ್ಷ ಅದೊಂದನ್ನೇ ಹುಡುಕಿದ್ದಳು. ಟ್ರೇ ಟ್ರೇಗಳಲ್ಲಿ ಬಗೆಬಗೆಯ ತಳಿ ಬಿತ್ತಿ, ಅಳೆದು, ಆರಿಸಿ, ಮತ್ತೆ ಬಿತ್ತಿ, ಕೊನೆಗೆ ಅವಳ ಕೈಯಲ್ಲಿ ಉಳಿದದ್ದು ಮೊದಲ ವರ್ಷದಿಂದಲೇ ಅವಳು ಮೆಚ್ಚಿದ್ದ ಒಂಬತ್ತನೇ ಟ್ರೇಯ ರಾಗಿ. ಗಿಡ್ಡ, ಗಟ್ಟಿ ಕಾಂಡ, ಬುಡದಲ್ಲಿ ತೆಳ್ಳನೆ ನೇರಳೆ ಬಣ್ಣ. ಪಕ್ಕದಲ್ಲಿ ಹೋಲಿಕೆಗೆಂದು ಬಿತ್ತಿದ ಮಾಮೂಲಿ ರಾಗಿ ಪ್ರತಿ ಸಲ ಮಲಗುತ್ತಿತ್ತು, 'ಒಂಬತ್ತು' ಪ್ರತಿ ಸಲ ನಿಲ್ಲುತ್ತಿತ್ತು. ಈಗ ಮೊದಲ ಬಾರಿಗೆ ಏಳನೇ ಸುರಂಗದ ತುಂಬ ಅದನ್ನೇ ಬಿತ್ತಿದ್ದರು. ತೆನೆ ಬರುವ ಹೊತ್ತಿಗೆ ತಳಿ ಸಮಿತಿ ಬಂದು ನೋಡುವುದಿತ್ತು. ಸಮಿತಿ ಒಪ್ಪಿದರೆ ಮುಂದಿನ ವರ್ಷ ಏಳು ಗಣಿಗಳಲ್ಲಿ ಬರೀ ಒಂಬತ್ತು. ಒಪ್ಪದಿದ್ದರೆ ಹತ್ತು ವರ್ಷ ನೀರಿಗೆ.

ಅವಳ ಗಂಡ ರಾಮಾಂಜಿ ಅದೇ ಗಣಿಯಲ್ಲಿ ಜನರನ್ನು ಒಳಕ್ಕೆ ಇಳಿಸಿ ಏರಿಸುವ ಕೇಜಿನ ಯಂತ್ರ ನಡೆಸುತ್ತಿದ್ದ. ರಾಮಾಂಜಿಯ ಅಕ್ಕ ಸುಗುಣಮ್ಮ ಅಳತೆಯ ಹೆಂಗಸರಿಗೆ ಮೇಸ್ತ್ರಿ. ಮೂವರೂ ಒಂದೇ ಕ್ವಾರ್ಟರ್ಸಿನಲ್ಲಿದ್ದರು. ಸುಗುಣಮ್ಮನಿಗೆ ನಾಗವೇಣಿ ಮನೆಯಲ್ಲಿ 'ನಾಗು', ಕೇಜಿನ ಬಾಗಿಲು ಹಾಕಿಕೊಂಡ ಮೇಲೆ 'ಮೇಡಂ'. ಇಬ್ಬರೂ ಈ ಲೆಕ್ಕವನ್ನು ಯಾವತ್ತೂ ತಪ್ಪಿಸಿದವರಲ್ಲ.

ಒಂದು ಸಂಜೆ ಸುಗುಣಮ್ಮ ಮಸೊಪ್ಪು ಮಸೆಯುತ್ತಿದ್ದಳು. ರಾಮಾಂಜಿ ಗೋಡೆಗೆ ಒರಗಿ ಕಾಲು ಚಾಚಿಕೊಂಡಿದ್ದ.

"ಏನಂತು ನಿನ್ ಒಂಬತ್ತು?" ಎಂದ.

"ಎಷ್ಟು ಚೆಂದ ಬಂದಿದೆ ಅಂತೀರಾ. ಒಂದು ಕಾಂಡಾನೂ ಓರೆ ಇಲ್ಲ. ಮೊದಲನೇ ಸಲ ನೋಡ್ದಾಗ್ಲೇ ಹೇಳಿದ್ದೆ, ಇದು ಎಲ್ಲಾದಕ್ಕಿಂತ ಮೇಲಾಗ್ತದೆ ಅಂತ."

"ಹೆತ್ತೋರಿಗೆ ಹೆಗ್ಗಣ ಮುದ್ದು," ಎಂದ ರಾಮಾಂಜಿ.

"ಹೆಗ್ಗಣ ಅಲ್ಲ ರೀ, ತಳ್ಳುಮಾಪಕ ಹೇಳ್ತಾ ಇರೋದು. ಮಾಮೂಲಿ ರಾಗಿಗಿಂತ ಎರಡರಷ್ಟು ಬಲ."

"ಅಂಗೆಲ್ಲ ಬಾಯ್ತುಂಬ ಅನ್ಬ್ಯಾಡ ನಾಗು," ಎಂದು ಸುಗುಣಮ್ಮ ತಲೆ ಎತ್ತದೆ ಹೇಳಿದಳು. "ಬೆಳೆಯೋದನ್ನ ಅಳೆಯೋದೇ ಒಂದು ತಪ್ಪು, ಅದರ ಮ್ಯಾಲೆ ಹೊಗಳೋದು ಬ್ಯಾರೆ."

ನಾಗವೇಣಿ ನಕ್ಕಳು. ಅತ್ತ ಹಲ್ಲಿ ಬಂದ ಮೇಲೆ ಅವಳಿಗೆ ಹೊಸ ಹುರುಪು ಬಂದಿತ್ತು. ಇಷ್ಟು ದಿನ ದಿನಕ್ಕೊಂದು ಅಂಕಿ ಸಿಗುತ್ತಿದ್ದ ಕಡೆ ಈಗ ಕ್ಷಣಕ್ಷಣದ ಗೆರೆ ಸಿಗುತ್ತಿತ್ತು. ತನ್ನ ರಾಗಿ ಹೇಗೆ ಗಟ್ಟಿಯಾಗುತ್ತದೆ ಎಂದು ಇನ್ನು ಕಣ್ಣಾರೆ ನೋಡಬಹುದು ಎಂದು ಖುಷಿಪಟ್ಟಳು.

ಗಣಿಯ ಬಾಯಿಯ ಹತ್ತಿರವೇ ನಿಯಂತ್ರಣ ಕೊಠಡಿ. ಹಲ್ಲಿಯನ್ನು ನೋಡಿಕೊಳ್ಳುತ್ತಿದ್ದವನು ಅರುಳ್‌ದಾಸ್, ಅಲ್ಲೇ ಹುಟ್ಟಿ ಬೆಳೆದ ತಮಿಳು ಮನೆಯ ಮೆಕ್ಯಾನಿಕ್. ಮೊದಲ ಪರದೆಯಲ್ಲಿ ಪ್ರಯೋಗ ಸುರಂಗದ ಟ್ರೇಗಳು, ಎರಡನೆಯದರಲ್ಲಿ ಏಳನೇ ಸುರಂಗ.

"ಮೇಡಂ, ಇದೊಂದ್ ಸ್ವಲ್ಪ ನೋಡಿ," ಎಂದು ಅವನು ಮೊದಲ ಪರದೆ ತೋರಿಸಿದ. ಬೆಳವಣಿಗೆಯ ಗೆರೆಗಳು ಏರುತ್ತ ಹೋಗಿದ್ದವು. ಬೆಳಗಿನ ಅಳತೆಯ ಹೊತ್ತಿಗೆ ಎಲ್ಲ ಗೆರೆಗಳೂ ಚೂರು ತಗ್ಗಿ, ಅಡಿಪಟ್ಟಿ ತಗುಲಿದ್ದಕ್ಕೆ ಬೆಚ್ಚಿದಂತೆ ಒಂದು ಗಳಿಗೆ ನಿಂತು, ಮತ್ತೆ ಏರುತ್ತಿದ್ದವು. ಅದು ಸರಿಯೇ. ಆದರೆ ಒಂಬತ್ತನೇ ಟ್ರೇಯ ಗೆರೆ ಮಾತ್ರ ಅಳತೆಯಾದ ಮೇಲೆ ಪೂರ್ತಿ ಚಪ್ಪಟೆಯಾಗಿ, ಮಧ್ಯಾಹ್ನದವರೆಗೂ ಮೇಲೇಳದೆ ಬಿದ್ದಿರುತ್ತಿತ್ತು.

"ಅದರ ಗುಣ ಇರ್ಬೇಕು. ಸ್ವಲ್ಪ ಮುಟ್ಟಿದ್ರೂ ಉದ್ದ ಆಗೋದು ಬಿಟ್ಟು ದಪ್ಪ ಆಗುತ್ತೆ. ಅದಕ್ಕೇ ನೋಡು ಅಷ್ಟು ಗಟ್ಟಿ," ಎಂದಳು ನಾಗವೇಣಿ. ಹೇಳುತ್ತಿದ್ದಂತೆ ಅವಳಿಗೇ ಅದು ಬಹಳ ಒಳ್ಳೆಯ ವಿವರಣೆ ಎನ್ನಿಸಿತು.

"ನಾನೂ ಅಂಗೇ ಅಂದ್ಕೊಂಡೆ. ಆದ್ರೆ ಭಾನುವಾರ ನಿಲ್ಲಲ್ಲ ಮೇಡಂ."

ಅವನು ಹಿಂದಿನ ವಾರಗಳ ಗೆರೆ ತಂದಿಟ್ಟ. ಭಾನುವಾರ ಹೆಂಗಸರಿಗೆ ರಜೆ. ಅಂದು ಅಡಿಪಟ್ಟಿ ಹಿಡಿದು ಅಳೆಯುವವನು ಅರುಳ್‌ದಾಸನೇ. ಭಾನುವಾರಗಳಂದು ಒಂಬತ್ತು ಕೂಡ ಮಿಕ್ಕ ಟ್ರೇಗಳ ಹಾಗೆ ಒಂದು ಗಳಿಗೆ ನಿಂತು ಮತ್ತೆ ಏರಿತ್ತು.

"ಏಳನೇ ಸುರಂಗದಲ್ಲಿ?" ಎಂದಳು ನಾಗವೇಣಿ. ಏಳನೇ ಸುರಂಗಕ್ಕೆ ಅಳತೆಯ ಹೆಂಗಸರು ಹೋಗುತ್ತಲೇ ಇರಲಿಲ್ಲ. ಅಲ್ಲಿ ಬರೀ ಹಲ್ಲಿ.

"ಅಲ್ಲಿ ಎಲ್ಲೂ ನಿಲ್ತಾ ಇಲ್ಲ. ಮಾಮೂಲಿ ರಾಗಿ ತರಾನೇ ಉದ್ದಕ್ಕೆ ಓಡ್ತಾ ಇದೆ. ಮಾಪಕಾನೇ ಕೆಟ್ಟಿದೆ ಅಂತ ಎರಡು ಸಲ ಬಿಚ್ಚಿ ನೋಡ್ದೆ. ಕೆಟ್ಟಿಲ್ಲ ಮೇಡಂ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾಗವೇಣಿ ತಳ್ಳುಮಾಪಕ ಎತ್ತಿಕೊಂಡು ಏಳನೇ ಸುರಂಗಕ್ಕೆ ಇಳಿದಳು. ದೂರದಿಂದ ನೋಡಿದರೆ ಪೈರು ಹಸಿರಾಗಿ, ದಟ್ಟವಾಗಿ, ಯಾರಾದರೂ ಮೆಚ್ಚುವ ಹಾಗಿತ್ತು. ಹತ್ತಿರ ಹೋದರೆ ಕಾಂಡ ಸಣಕಲು. ಮಾಪಕವನ್ನು ಒತ್ತಿದರೆ ಮುಳ್ಳು ಅಲ್ಲಾಡುವ ಮೊದಲೇ ಗಿಡ ಬಾಗಿತು. ಅಲ್ಲೊಂದು ಇಲ್ಲೊಂದು ಆಗಲೇ ಪಕ್ಕದ ಗಿಡದ ಮೇಲೆ ತೂಕ ಬಿಟ್ಟು ನಿಂತಿದ್ದವು. ಬುಡದಲ್ಲಿ ಅದೇ ನೇರಳೆ ಬಣ್ಣ. ಬೀಜ ಅದೇ, ಮಣ್ಣು ಅದೇ, ದೀಪ ಅದೇ. ಅವಳು ನೀರಿನ ಕೊಳವೆಯ ಮೇಲೆ ಕೂತುಕೊಂಡಳು.

ಮುಟ್ಟಿದರೆ ಗಿಡ ಕುಗ್ಗಿ ಗಟ್ಟಿಯಾಗುತ್ತದೆ ಎಂಬುದೇನೂ ಹೊಸ ವಿಷಯವಲ್ಲ. ಅವಳು ಓದಿದ ಮೊದಲ ಪುಸ್ತಕದಲ್ಲೇ ಇತ್ತು. ಕಾಂಡ ಅಲುಗಿದರೆ ಒಳಗಿನ ಜೀವಕೋಶಗಳಿಗೆ ಸುದ್ದಿ ಮುಟ್ಟುತ್ತದೆ, ಗಿಡ ಉದ್ದವಾಗುವುದನ್ನು ಬಿಟ್ಟು ದಪ್ಪವಾಗುತ್ತದೆ. ಹೊಲದಲ್ಲಿ ಆ ಕೆಲಸ ಗಾಳಿಯದ್ದು. ಅದಕ್ಕಾಗಿಯೇ ಅವಳು ಮೊದಲ ದಿನದಿಂದ ಕಟ್ಟಪ್ಪಣೆ ಮಾಡಿದ್ದಳು: ಎಲ್ಲ ಟ್ರೇಗೂ ಒಂದೇ ಬಗೆಯ ಅಳತೆ, ಅಳತೆಗೆ ಬೇಕಾದಷ್ಟೇ ಸ್ಪರ್ಶ. ಎಲ್ಲವನ್ನೂ ಒಂದೇ ಸಮ ಮುಟ್ಟಿದರೆ ಹೋಲಿಕೆ ಕೆಡುವುದಿಲ್ಲವಲ್ಲ. ಹಾಗಿದ್ದರೆ ಒಂಬತ್ತನ್ನು ಮಾತ್ರ ಯಾರು ಹೆಚ್ಚಿಗೆ ಮುಟ್ಟಿದರು?

ಕೇಜಿನಲ್ಲಿ ಸುಗುಣಮ್ಮನ ಜೊತೆಗೇ ಮೇಲೆ ಬಂದರೂ ಅಲ್ಲಿ ಕೇಳಲಿಲ್ಲ. ಮನೆಗೆ ಹೋಗಿ, ಸುಗುಣಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಎದುರಿಗೆ ಕೂತಳು.

"ಅಕ್ಕ, ಒಂದು ಮಾತು ಕೇಳ್ತೀನಿ. ನಿಜ ಹೇಳ್ಬೇಕು. ಒಂಬತ್ತನೇ ಟ್ರೇಗೆ ನೀವೇನಾದ್ರೂ ಮಾಡ್ತೀರಾ?"

ಜರಡಿ ನಿಂತಿತು. "ಏನ್ ಮಾಡ್ತೀವಿ? ಅಳೀತೀವಿ."

"ಅಳೆದ ಮೇಲೆ?"

ಸುಗುಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಹೇಳಲು ಹೊರಟರೆ ಮುಖವೇ ಹೇಳಿಬಿಡುತ್ತಿತ್ತು. "ದೃಷ್ಟಿ ತೆಗೀತೀವಿ," ಎಂದಳು.

"ದೃಷ್ಟಿ?"

"ಮತ್ತೇನ್ ಮಾಡೋದು ನಾಗು. ನೀನೇ ಅಲ್ವಾ ದಿನಾ ಬೆಳಗ್ಗೆ ಬಂದು ಅದರ ಮುಂದೆ ನಿಂತ್ಕೊಂಡು, ಆಹಾ ಎಷ್ಟ್ ಚೆಂದ ಬಂತು, ಎಷ್ಟ್ ಗಟ್ಟಿ ಬಂತು ಅಂತ ಅನ್ನೋದು. ಕೈಗೂಸನ್ನ ಯಾರಾದ್ರೂ ಅಂಗ್ ಹೊಗಳಿದ್ರೆ ಬಿಡ್ತೀವಾ? ಅದರ ಮ್ಯಾಲೆ ಅಳತೆ ಬ್ಯಾರೆ. ನೀನ್ ಆ ಕಡೆ ಹೋಗ್ತಿದ್ದಂಗೆ ನಾವ್ ಎಲ್ಲಾರೂ ಒಂದೊಂದು ಸಾಲು ಹಿಡ್ಕೊಂಡು, ಎರಡೂ ಕೈಯಾಗೆ ತುದಿಯಿಂದ ಬುಡದವರ್ಗೂ ಸವರಿ, ನೆಟಿಗೆ ಮುರೀತೀವಿ. ಅಷ್ಟೇ."

"ಬರೀ ಒಂಬತ್ತಕ್ಕಾ?"

"ಮಿಕ್ಕಿದ್ದನ್ನ ನೀನೆಲ್ಲಿ ಹೊಗಳ್ದೆ? ಮಾಮೂಲಿ ರಾಗೀನ ನೋಡಿ ಯಾವತ್ತಾದ್ರೂ ಒಂದ್ ಒಳ್ಳೆ ಮಾತಾಡಿದ್ಯಾ? ಹೊಗಳ್ದೇ ಇರೋದಕ್ಕೆ ಎಲ್ಲಿಂದ ದೃಷ್ಟಿ ಬೀಳ್ಬೇಕು?"

"ಯಾವಾಗಿಂದ?"

"ಮೊದಲಿಂದಾನೂ," ಎಂದಳು ಸುಗುಣಮ್ಮ. "ಮುಟ್ಬಾರ್ದು ಅಂತ ನೀನು ಹೇಳಿದ್ದೆ, ಅದಕ್ಕೇ ನಿನ್ ಕಣ್ಣಿಗೆ ಬೀಳ್ದಂಗೆ ಮಾಡಿದ್ವಿ. ಕೆಟ್ಟದ್ದಕ್ಕೇನ್ ಮಾಡ್ಲಿಲ್ವಲ್ಲ."

ನಾಗವೇಣಿಗೆ ಸಿಟ್ಟು ಬಂತು, ನಗು ಬಂತು. ಹೊಗಳಿದವಳು ತಾನೇ. ಬುಡದ ನೇರಳೆ ಬಣ್ಣ ನೋಡಿ ಮೊದಲ ದಿನ ಮೆಚ್ಚಿದಳು; ಮೆಚ್ಚಿದ್ದಕ್ಕೆ ಅವರು ಸವರಿದರು; ಸವರಿದ್ದಕ್ಕೆ ಅದು ಗಟ್ಟಿಯಾಯಿತು; ಗಟ್ಟಿಯಾದದ್ದಕ್ಕೆ ಇನ್ನಷ್ಟು ಹೊಗಳಿದಳು. ಹತ್ತು ವರ್ಷ ಅವಳು ಅಳೆದದ್ದು ರಾಗಿಯ ಗುಣವನ್ನಲ್ಲ, ತನ್ನ ಬಾಯಿಯ ಮಾತನ್ನು. ಅವಳು ವಿಷಯ ಬಿಡಿಸಿ ಹೇಳಿದಾಗ ಸುಗುಣಮ್ಮನ ಮುಖ ಸಪ್ಪಗಾಯಿತು. ರಾಮಾಂಜಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ.

ಸುಗುಣಮ್ಮನೇ ಮೊದಲು ಚೇತರಿಸಿಕೊಂಡಳು. "ಅದಕ್ಕೇನಂತೆ. ಸಮಿತಿಯೋರು ಬರಾಕೆ ಇನ್ನೂ ಟೈಮ್ ಅದೆ. ನಾವ್ ಹನ್ನೆರಡು ಜನ ನಾಳೆಯಿಂದಾನೆ ಏಳನೇ ಸುರಂಗಕ್ಕೆ ಇಳೀತೀವಿ. ಅವ್ರು ಬರೋ ಹೊತ್ಗೆ ನೆಟ್ಟಗೆ ನಿಲ್ಲಿಸ್ತೀವಿ. ನಿನ್ ಹೆಸರು ಉಳೀತದೆ."

"ಮುಂದಿನ ವರ್ಷ ಏಳು ಗಣೀಲಿ ಬಿತ್ತುತಾರೆ ಅಕ್ಕ. ಅಲ್ಲೆಲ್ಲ ಯಾರು ಸವರ್ತಾರೆ?"

"ಅದು ಆಮ್ಯಾಲಿನ ಮಾತು."

ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ನಾಗವೇಣಿ ಆ ಸಂಜೆ ಬೇಡ ಎನ್ನಲಿಲ್ಲ. "ನೋಡೋಣ" ಎಂದು ಎದ್ದು ಹೋದಳು. ನಿಜ ಹೇಳಬೇಕೆಂದರೆ ಅವಳಿಗೆ ಆಸೆಯಾಗಿತ್ತು. ಒಂದು ಸಲ ಸಮಿತಿ ಒಪ್ಪಲಿ, ಆಮೇಲೆ ಹೇಗೋ ಸರಿಮಾಡೋಣ ಎಂದು ಒಳಗಿನಿಂದ ಒಂದು ದನಿ ಹೇಳುತ್ತಲೇ ಇತ್ತು. ಆ ದನಿಗೆ ಅವಳು ಹೇಳಿಕೊಂಡ ಉತ್ತರ ಒಂದೇ: ಬಿದ್ದ ರಾಗಿಯಿಂದ ಕಡಿಮೆಯಾಗುವ ತುತ್ತು ಸಮಿತಿಯವರದ್ದಲ್ಲ, ಶಾಲೆಯ ಮಕ್ಕಳದ್ದು.

ಬೆಳಗ್ಗೆ ಹನ್ನೆರಡು ಹೆಂಗಸರೂ ಕೇಜಿನ ಮುಂದೆ ಕಾದಿದ್ದರು. ನಾಗವೇಣಿ ಅವರನ್ನು ಏಳನೇ ಸುರಂಗಕ್ಕೆ ಕಳಿಸಲಿಲ್ಲ. ಪ್ರಯೋಗ ಸುರಂಗದಲ್ಲಿ ಹೊಸದಾಗಿ ನಾಲ್ಕು ಟ್ರೇ ಬಿತ್ತಿಸಿದಳು. ಎರಡರಲ್ಲಿ ಒಂಬತ್ತು, ಎರಡರಲ್ಲಿ ಮಾಮೂಲಿ ರಾಗಿ. ಎರಡು ಬಗೆಯಲ್ಲೂ ಒಂದೊಂದು ಟ್ರೇಯನ್ನು ಪೈರು ಮೇಲೆದ್ದ ದಿನದಿಂದ ಸವರಬೇಕು, ಮಿಕ್ಕ ಎರಡರ ಹತ್ತಿರ ಯಾರೂ ಸುಳಿಯಬಾರದು.

"ಮಾಮೂಲಿಗೂ ದೃಷ್ಟಿ ತೆಗೀಬೇಕಾ?" ಎಂದು ಒಬ್ಬಳು ಕೇಳಿದಳು.

"ಅದಕ್ಕೂ ತೆಗೀರಿ. ಹೊಗಳಬೇಕು ಅಂದ್ರೆ ನಾನೇ ಬಂದು ಹೊಗಳ್ತೀನಿ," ಎಂದಳು ನಾಗವೇಣಿ. ಹೆಂಗಸರು ನಕ್ಕರು, ಅವಳಿಗೆ ನಗು ಬರಲಿಲ್ಲ.

ಅವಳಿಗೆ ಇನ್ನೂ ಒಂದು ಆಸೆ ಉಳಿದಿತ್ತು. ಸವರದಿದ್ದರೆ ಒಂಬತ್ತು ಬೀಳಲಿ, ಹೋಗಲಿ. ಸವರಿದಾಗಲಾದರೂ ಮಾಮೂಲಿಗಿಂತ ಒಂಬತ್ತೇ ಮೇಲು ಎಂದು ಬಂದರೆ ಸಾಕು. ಹತ್ತು ವರ್ಷದಲ್ಲಿ ನಾಲ್ಕಾಣೆಯಾದರೂ ಉಳಿಯುತ್ತದೆ. ಮೊದಲಾಗಿದ್ದರೆ ಇದು ಗೊತ್ತಾಗಲು ಕೊಯ್ಲಿನ ತನಕ ಕಾಯಬೇಕಿತ್ತು. ಹಲ್ಲಿ ಇದ್ದದ್ದರಿಂದ ಕೆಲವೇ ವಾರ ಸಾಕಾಯಿತು.

ಆ ವಾರಗಳಲ್ಲಿ ಸುಗುಣಮ್ಮ ನಾಗವೇಣಿಯ ತಟ್ಟೆಗೆ ಕೇಳದೆಯೇ ತುಪ್ಪ ಹಾಕುತ್ತಿದ್ದಳು. ರಾಮಾಂಜಿ ಒಮ್ಮೆ, "ಏಳನೇದಕ್ಕೆ ದಾರ ಕಟ್ಟಿ ನಿಲ್ಸಿದ್ರೆ ಹೆಂಗೆ?" ಎಂದ. ಅವಳು ದುರುಗುಟ್ಟಿ ನೋಡಿದ ಮೇಲೆ ಆ ಮಾತು ಎತ್ತಲಿಲ್ಲ.

ಅರುಳ್‌ದಾಸ್ ಕೊನೆಗೆ ನಾಲ್ಕು ಗೆರೆಗಳನ್ನು ಒಂದೇ ಪರದೆಗೆ ತಂದಾಗ ವಿವರಣೆಯೇ ಬೇಕಿರಲಿಲ್ಲ. ಸವರದ ಎರಡೂ ಟ್ರೇಗಳು ಉದ್ದಕ್ಕೆ ಓಡಿ ಬಾಗಿದ್ದವು. ಸವರಿದ ಎರಡೂ ಗಿಡ್ಡಗೆ, ದಪ್ಪಗೆ, ಕಂಬದ ಹಾಗೆ ನಿಂತಿದ್ದವು. ತಳ್ಳುಮಾಪಕದ ಲೆಕ್ಕದಲ್ಲಿ ಎರಡೂ ಒಂದೇ. ಬುಡದಿಂದ ಹೊಸದಾಗಿ ಒಡೆಯುವ ತೆಂಡೆಗಳನ್ನು ಎಣಿಸಿದರೆ ಮಾಮೂಲಿ ರಾಗಿಯೇ ಹೆಚ್ಚು ಒಡೆದಿತ್ತು. ತೆಂಡೆ ಹೆಚ್ಚಿದರೆ ತೆನೆ ಹೆಚ್ಚು, ತೆನೆ ಹೆಚ್ಚಿದರೆ ರಾಗಿ ಹೆಚ್ಚು.

"ಮೇಡಂ, ಇನ್ನೊಂದ್ ಸಲ ಎಣಿಸ್ಲಾ?" ಎಂದ ಅರುಳ್‌ದಾಸ್. ಅವನಿಗೂ ಪಾಪ ಅನ್ನಿಸಿತ್ತು.

"ಬೇಡ. ಸರಿಯಾಗೇ ಎಣಿಸಿದ್ದೀಯ," ಎಂದಳು.

ಸಮಿತಿ ಬಂದ ದಿನ ಕೇಜಿನಿಂದ ಮೊದಲು ಇಳಿದವರು ಅಧ್ಯಕ್ಷೆ ಡಾ. ಸುಶೀಲಾ ಮೋಟೆಬೆನ್ನೂರ. ಹಾವೇರಿ ಕಡೆಯವರು, ಮೂವತ್ತು ವರ್ಷ ರಾಗಿಯನ್ನೇ ಸಂಶೋಧಿಸಿದವರು. ಹಿಂದೆ ಇಬ್ಬರು ಸದಸ್ಯರು. ಪ್ರಯೋಗ ಸುರಂಗದಲ್ಲಿ ಹಳೆಯ ಒಂಬತ್ತನೇ ಟ್ರೇ ನೋಡಿ ಅಧ್ಯಕ್ಷೆಯ ಮುಖ ಅರಳಿತು.

"ಭಾಳ ಛಲೋ ಬಂದೈತ್ರಿ. ಗಾಳಿ ಇಲ್ಲದ ಜಾಗದಾಗ ಇಂಥಾ ಕಾಂಡ ನಾ ನೋಡೇ ಇಲ್ಲ," ಎಂದರು.

ಪಕ್ಕದಲ್ಲಿ ನಿಂತಿದ್ದ ಸುಗುಣಮ್ಮ ನಾಗವೇಣಿಯ ಕಡೆ ನೋಡಿದಳು. ಇಲ್ಲಿಗೇ ನಿಲ್ಲಿಸಬಹುದಿತ್ತು. ಏಳನೇ ಸುರಂಗದ ದೀಪ ಕೆಟ್ಟಿದೆ ಎಂದರೂ ನಂಬುತ್ತಿದ್ದರು. ಒಪ್ಪಿಗೆಗೆ ಬೇಕಾದಷ್ಟು ಅಂಕಿಗಳು ಹತ್ತು ವರ್ಷದಿಂದ ಅವರ ಕಚೇರಿಯಲ್ಲೇ ಇದ್ದವು.

"ಏಳನೇ ಸುರಂಗ ನೋಡಿ ಮೇಡಂ. ಆಮೇಲೆ ಮಾತಾಡೋಣ," ಎಂದಳು ನಾಗವೇಣಿ.

ಅಲ್ಲಿ ಒಂಬತ್ತು ಪೂರ್ತಿ ಮಲಗಿತ್ತು. ಸುರಂಗದ ಈ ತುದಿಯಿಂದ ಆ ತುದಿಯವರೆಗೆ ಚಾಪೆ ಹಾಸಿದ ಹಾಗೆ ಬಿದ್ದ ಪೈರು, ಮುಗ್ಗಲು ವಾಸನೆ. ನಾಗವೇಣಿ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ತಾನು ಹೊಗಳಿದ್ದು, ಹೆಂಗಸರು ದೃಷ್ಟಿ ತೆಗೆದದ್ದು, ಹಲ್ಲಿ ತೋರಿಸಿದ್ದು, ನಾಲ್ಕು ಟ್ರೇಯ ಫಲಿತಾಂಶ. ಹೆಂಗಸರ ಮೇಲೆ ತಪ್ಪು ಹೊರಿಸಲಿಲ್ಲ. "ಒಂದು ಟ್ರೇ ಮುಂದೆ ನಿಂತು ಹೊಗಳಿದ್ದು ನನ್ನ ತಪ್ಪು. ಅಳೆಯೋರು ಹಾಗೆ ಮಾಡಬಾರದು," ಎಂದಳು.

ಒಬ್ಬ ಸದಸ್ಯರಿಗೆ ಸಿಟ್ಟು ನೆತ್ತಿಗೇರಿತು. "ಹತ್ತು ವರ್ಷ ನಮಗೆ ಕಳಿಸಿದ ಅಂಕಿ ಎಲ್ಲ ಸುಳ್ಳಾ?"

"ಅಂಕಿ ಸುಳ್ಳಲ್ಲ ಸಾರ್. ಅದರ ಅರ್ಥ ನಾನು ತಪ್ಪು ತಿಳಿದೆ."

ಅಧ್ಯಕ್ಷೆ ಬಗ್ಗಿ, ಬಿದ್ದ ಕಾಂಡವೊಂದನ್ನು ಎತ್ತಿ ನಿಲ್ಲಿಸಿದರು, ಅದು ಮತ್ತೆ ಬಿತ್ತು. "ನಮ್ಮ ಕಡೆ ಎಳೇ ರಾಗಿ ಮ್ಯಾಲೆ ಕೊರಡು ಎಳೀತಾರ್ರಿ," ಎಂದರು. "ಹೊಲದ ತುಂಬ ಮರದ ತುಂಡು ಎಳದು ಪೈರು ಬಗ್ಗಸ್ತಾರ, ತೆಂಡಿ ಛಲೋ ಒಡೀಲಿ ಅಂತ. ನಮ್ಮಪ್ಪ ಎಳಿಯೋದು ನೋಡಕೋತ ಬೆಳದಾಕಿ ನಾನು. ಈ ಗಣ್ಯಾಗ ರಾಗಿ ಬೀಳಾಕತ್ತು ಇಷ್ಟು ವರ್ಷ ಆತು, ಒಂದು ದಿವಸರ ನೆನಪಾಗಬೇಕಿತ್ತಲ್ಲ. ಆಗಲಿಲ್ಲ ನೋಡ್ರಿ."

ತೀರ್ಪು ಅಲ್ಲೇ ಆಯಿತು. ಒಂಬತ್ತನ್ನು ತಿರಸ್ಕರಿಸಲಾಯಿತು. ಏಳು ಗಣಿಗಳಲ್ಲೂ ಮಾಮೂಲಿ ರಾಗಿ ಬಿತ್ತಿ, ಎಳೆಯದರಲ್ಲೇ ಸವರುವ ವ್ಯವಸ್ಥೆ ಮಾಡಬೇಕು. ಎಷ್ಟು ಸವರಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಹಲ್ಲಿಯಿಂದ ಅಳೆದು ತಿಳಿಸಬೇಕು. ಉಸ್ತುವಾರಿ ನಾಗವೇಣಿಯದ್ದು. ಹೊರಡುವಾಗ ಅಧ್ಯಕ್ಷೆ ಅವಳ ಹೆಗಲ ಮೇಲೆ ಕೈಯಿಟ್ಟು, ಆಮೇಲೆ ಕೇಜು ಹತ್ತಿದರು.

ಕೊನೆಯ ಕೇಜಿನಲ್ಲಿ ನಾಗವೇಣಿ ಒಬ್ಬಳೇ ಮೇಲೆ ಬಂದಳು. ಯಂತ್ರದ ಮನೆಯಲ್ಲಿ ರಾಮಾಂಜಿ ಹಿಡಿಕೆ ಬಿಟ್ಟು ಅವಳ ಮುಖ ನೋಡಿದ.

"ಏನಾಯ್ತು?"

"ಹೋಯ್ತು ರೀ."

ಅವನು ತನ್ನ ಟೀ ಲೋಟವನ್ನೇ ಅವಳ ಕೈಗಿಟ್ಟ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು, ಲೋಟ ಕೈಯಲ್ಲಿ ಹಿಡಿದುಕೊಂಡೇ ಜೋರಾಗಿ ಅತ್ತಳು. ರಾಮಾಂಜಿ ಪಕ್ಕದಲ್ಲಿ ಕೂತಿದ್ದ. ಅತ್ತು ಮುಗಿದ ಮೇಲೆ ಟೀ ಆರಿತ್ತು; ಆರಿದ್ದನ್ನೇ ಕುಡಿದಳು.

ಮರುವಾರ ಅವಳೇ ನಿಂತು ಒಂಬತ್ತನ್ನು ಬೇರು ಸಮೇತ ಕೀಳಿಸಿದಳು. ಆಮೇಲೆ ಕೈತುಂಬ ಕೆಲಸ ಬಿತ್ತು. ಅರುಳ್‌ದಾಸ್ ಹಲ್ಲಿಯ ಹೊಟ್ಟೆಗೆ ತೆಂಗಿನ ನಾರಿನ ಪೊರಕೆ ಕಟ್ಟಿದ. ಅದು ಓಡಾಡುತ್ತ ಪೈರನ್ನು ಸವರುತ್ತ ಹೋಗುತ್ತಿತ್ತು. ತೀರ ಎಳೆಯ ಸಸಿಗಳು ಮಾತ್ರ ಪೊರಕೆಗೆ ಮುರಿಯುತ್ತಿದ್ದವು. ಮೊದಲ ಕೆಲವು ವಾರಕ್ಕೆ ಕೈಯೇ ಬೇಕಾಯಿತು. ಅಳತೆಯ ಹೆಂಗಸರನ್ನು ತೆನೆ ಬಿಡಿಸಲು ಕಳಿಸುವ ಮಾತು ನಿಂತಿತು. ಅವರನ್ನು ಒಬ್ಬೊಬ್ಬರನ್ನಾಗಿ ಮಿಕ್ಕ ಗಣಿಗಳಿಗೆ ಕಲಿಸಿಕೊಡಲು ಕಳಿಸಿದರು. ಸುಗುಣಮ್ಮ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಊರೂರು ತಿರುಗಿದಳು. ವಾಪಸು ಬಂದಾಗಲೆಲ್ಲ ಅಲ್ಲಿನವರ ಕೈ ಎಷ್ಟು ಒರಟು ಎಂದು ದೂರುತ್ತಿದ್ದಳು. ನಾಗವೇಣಿ ಟ್ರೇಗಳ ಮುಂದೆ ನಿಂತು ಬಾಯಿ ಬಿಡುವುದನ್ನು ಬಿಟ್ಟಳು. ಎಲ್ಲ ಟ್ರೇಗೂ ಒಂದೇ ಮುಖ ತೋರಿಸುವುದು ಸುಲಭವಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು.

ಮುಂದಿನ ಕೊಯ್ಲಿಗೆ ಏಳು ಗಣಿಗಳಲ್ಲೂ ಪೈರು ನಿಂತಿತ್ತು. ಗಣಿಯ ಬಾಯಿಯಲ್ಲಿ ಲಾರಿಗಳು ಸಾಲುಗಟ್ಟಿದ್ದವು, ಶಾಲೆಗಳವರು ತಮ್ಮ ತಮ್ಮ ಪಾಲಿನ ಮೂಟೆ ಹೇರಿಸಿಕೊಳ್ಳುತ್ತಿದ್ದರು. ಆ ಸಲ ಯಾರ ಪಾಲೂ ಕಡಿತವಾಗಿರಲಿಲ್ಲ. ಮುಳಬಾಗಿಲು ಕಡೆಯ ಒಬ್ಬ ಹೆಡ್‌ಮಿಸ್ಟ್ರೆಸ್ಸು ಮೂಟೆಗೆ ಕೈಹಾಕಿ ಒಂದು ಹಿಡಿ ರಾಗಿ ತೆಗೆದು, ಬೆಳಕಿಗೆ ಹಿಡಿದು ನೋಡಿದರು.

"ಕಾಳು ಚೆನ್ನಾಗದೆ ಮೇಡಂ. ಯಾವ ತಳಿ ಇದು?"

ಹತ್ತು ವರ್ಷದಿಂದ ನಾಗವೇಣಿ ಈ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಂಡಿದ್ದಳು. ಯಾರಾದರೂ ಇದೇ ಜಾಗದಲ್ಲಿ ನಿಂತು ಹೀಗೆಯೇ ಕೇಳುತ್ತಾರೆ, ತಾನು ಹೆಸರು ಹೇಳುತ್ತೇನೆ ಎಂದು ಎಷ್ಟೋ ಸಲ ಅಂದುಕೊಂಡಿದ್ದಳು.

"ಮಾಮೂಲಿ ರಾಗಿ," ಎಂದಳು.

"ಮಾಮೂಲೀನಾ? ಹೆಸರೇನೂ ಇಟ್ಟಿಲ್ವಾ?"

"ಇಲ್ಲ."

"ಬಿಡಿ, ಮಕ್ಕಳು ಹೆಸರು ಕೇಳ್ಕೊಂಡು ತಿಂತಾವಾ," ಎಂದು ನಕ್ಕು ಹೆಡ್‌ಮಿಸ್ಟ್ರೆಸ್ಸು ಕಾಳನ್ನು ಮೂಟೆಗೆ ಹಾಕಿ ಲಾರಿ ಹತ್ತಿದರು.

ಅಷ್ಟರಲ್ಲಿ ಮುಂದಿನ ಲಾರಿ ಹಿಂದಕ್ಕೆ ಸರಿಯತೊಡಗಿತ್ತು. ನಾಗವೇಣಿ ಪಕ್ಕಕ್ಕೆ ಬಂದು, ಬರಲಿ ಬರಲಿ ಎಂದು ಕೈ ಬೀಸಿ, ಮೂಟೆಗಳಿದ್ದ ಕಡೆಗೆ ದಾರಿ ತೋರಿಸಿದಳು.